ಲಗ್ನಪತ್ರಿಕೆಯ ಬೆನ್ನಿನ ಪಾಠ

ಹೊಸಪೇಟೆ
ಬುಧವಾರ, ೧೨ ಫೆಬ್ರುವರಿ ೨೦೨೫

ಪ್ರೀತಿಯ ಸುಧಾ,

ನಿನ್ನ ಫೋನು ಮೂರು ಸಲ ಬಂತು, ಎತ್ತಲಿಲ್ಲ. ಕೆಲಸವಿತ್ತು ಅಂತ ಸುಳ್ಳು ಹೇಳುವುದಿಲ್ಲ, ಧೈರ್ಯವಿರಲಿಲ್ಲ.

ನೀನು ಕೇಳಿದ ಸುದ್ದಿ ನಿಜ. ಇಲ್ಲಿದ್ದಾಗ ಮಕ್ಕಳಿಗೆ ಓದು ಕಲಿಸಲು ನೀನು ಮಾಡಿದ ಓದುಕಾರ್ಡುಗಳನ್ನೆಲ್ಲ ಸೇರಿಸಿ ನಮ್ಮ ಶಾಲೆ ಪುಸ್ತಕ ಮಾಡಿಸುತ್ತಿದೆ. ನಿನ್ನ ಹೆಸರು ಎಲ್ಲೂ ಇಲ್ಲ. ಕಾರ್ಯದರ್ಶಿ ಜಂಬುನಾಥ ಅವರು ನನ್ನನ್ನು ಕರೆಸಿ, "ಶಾಲಿ ಟೈಮಿನ್ಯಾಗ, ಶಾಲಿ ಹಾಳ್ಯಾಗ ಮಾಡಿದ್ದು ಶಾಲಿದಾ ಅಲ್ಲೇನ್ರಿ ಟೀಚರ್? ಹಂಗಂತ ಬರಕೊಡ್ರಿ" ಅಂದರು. ನನ್ನ ಮಗಳು ಇಲ್ಲೇ ಎಂಟನೇ ತರಗತಿಯಲ್ಲಿದ್ದಾಳೆಂದೂ ನೆನಪಿಸಿದರು.

ಆ ಹಾಳೆ ಎಲ್ಲಿಯದೆಂದು ನನಗೆ ಗೊತ್ತಿಲ್ಲವೆ? ಮಕ್ಕಳ ಮನೆಗಳಿಂದ ಬೇಡಿ ತಂದ ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ, ಕಮಲಾಪುರದ ನಿನ್ನ ಮನೆಯಲ್ಲಿ, ಭಾನುವಾರಗಳಂದು ಬರೆದೆ. ನಾಲ್ಕನೇ ತರಗತಿಗೆ ಬಂದರೂ ಓದಲು ಬಾರದಿದ್ದ ಎರ್ರಿಯಪ್ಪ ನಿನ್ನ ಕಾರ್ಡು ಹಿಡಿದು 'ಬಾಳೆಗೊನೆ' ಅಂತ ಓದಿದ ದಿನ ನೀನು ಸ್ಟಾಫ್ ರೂಮಿಗೆ ಓಡಿ ಬಂದಿದ್ದೆ. ನನಗೆ ಹೊಟ್ಟೆಕಿಚ್ಚಾಗಿತ್ತು, ಸುಧಾ. ಅದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು ನಿನಗೆ ಗೊತ್ತಿಲ್ಲ. ಕಳೆದ ವರ್ಷ ನೀನು ಹೆರಿಗೆ ರಜೆಯಲ್ಲಿದ್ದಾಗ ಇಲಾಖೆಯವರು ತಪಾಸಣೆಗೆ ಬರುತ್ತಾರೆಂದರು. ಚೆಂದ ಕಾಣಲಿ ಅಂತ ಲಗ್ನಪತ್ರಿಕೆಗಳ ಮುಖ ಮುಚ್ಚಿ ಚಾರ್ಟ್ ಶೀಟು ಅಂಟಿಸಿದವಳು, ಕಳೆಯದಿರಲಿ ಅಂತ ಒಂದೊಂದಕ್ಕೂ ಶಾಲೆಯ ಸೀಲು ಒತ್ತಿದವಳು ನಾನೇ. ಒಳಗಿರುವುದು ಲಗ್ನಪತ್ರಿಕೆ ಎಂದು ತೋರಿಸಲು ಈಗ ಆ ಶೀಟು ಕಿತ್ತರೆ ನಿನ್ನ ಅಕ್ಷರವೂ ಹರಿಯುತ್ತದೆ. ಅವರು ಆ ಸೀಲನ್ನೇ ಎಲ್ಲರಿಗೂ ತೋರಿಸುತ್ತಿದ್ದಾರೆ.

ಕಾರ್ಡು ಯಾರದೆಂದು ತೀರ್ಮಾನಿಸಲು ಶನಿವಾರ ಸೇರುವ ಶಾಲೆಯ ಕಮಿಟಿಗೆ ನೀನು ಬರಬೇಡ. ಸಂಡೂರಿನ ಹೊಸ ಶಾಲೆಯವರು ಕೇಳುತ್ತಿರುವ ನಿನ್ನ ಅನುಭವ ಪತ್ರವನ್ನು ಇವರು ತಡೆದಿಟ್ಟಿದ್ದಾರೆ. ಕಾರ್ಡು ಬಿಟ್ಟುಕೊಟ್ಟರೆ ಅಂದೇ ಕೊಡುತ್ತಾರಂತೆ. ಕಾರ್ಡು ಮತ್ತೆ ಬರೆಯಬಹುದು, ನಿನ್ನ ಕೈಯೇನೂ ಹೋಗಿಲ್ಲ. ಕೂಸನ್ನು ಇಟ್ಟುಕೊಂಡು ಇವರ ಜೊತೆ ಎಷ್ಟು ದಿನ ಜಗಳಾಡುತ್ತೀ? ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಕೂಸಿಗೆ ನನ್ನ ಮುತ್ತು.

ನಿನ್ನವಳೇ ಅನ್ನಲು ಹೆದರುತ್ತಿರುವ
ಗಂಗೋತ್ರಿ

ತಾ.ಕ.: ಒಳ್ಳೆಯದಕ್ಕಲ್ಲ. ಕಾರ್ಡುಗಳು ಶಾಲೆಯವೆಂದು ಸೋಮವಾರವೇ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ನಿನ್ನ ಮುಖ ನೋಡಲಾರದೆ ಬರಬೇಡ ಅಂದೆ. ಬಾ. ಈ ಪತ್ರ ತಂದು ಅವರ ಮೇಜಿನ ಮೇಲಿಡು. ಆ ಬರಹದಲ್ಲೂ ಈ ಪತ್ರದಲ್ಲೂ ಅಕ್ಷರ ನನ್ನದೇ. ಯಾವುದು ಸುಳ್ಳು ಅಂತ ಕೇಳಿದರೆ, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಾನೇ ಹೇಳುತ್ತೇನೆ.