ಅತ್ತೆಮ್ಮ, ಅದು ಗ್ರಹಣದಿಂದಲ್ಲ

ಅತ್ತೆಮ್ಮನವರಿಗೆ,

ನೀವು ಹೋಗಿ ವರ್ಷ ದಾಟಿತು. ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಹೋಗಲಿ ಅಂತ ನಾನೂ ಹೇಳಿಲ್ಲ.

ಮೊದಲ ಬಸುರಿನಲ್ಲಿ ತಿಪಟೂರಿನ ಡಾಕ್ಟರು ಶುಗರ್ ಹೆಚ್ಚಿದೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು ಅಂದಿದ್ದರು. ನೆನಪಿದೆಯಾ? ಮನೆಗೆ ಬಂದ ತಕ್ಷಣ ನೀವು ಆ ಬಾಟಲಿಯನ್ನು ತಿಪ್ಪೆಗೆ ಎಸೆದಿರಿ. "ಬಸ್ರಿ ಹೆಂಗ್ಸು ಹೊಟ್ಟೆಗೆ ಸೂಜಿ ಚುಚ್ಕಂಡ್ರೆ ಮಗಿಗೆ ತಾಕಲ್ವೇನೇ? ಬುಡು, ಕೊಬ್ರಿ ಬೆಲ್ಲ ತಿನ್ನು, ಗುಂಡ್ಗೆ ಹುಟ್ತದೆ." ನಿಮ್ಮ ಮಗ ಬಾಗಿಲಲ್ಲಿ ನಿಂತು ನೋಡಿದರು. ಅವ್ವನ ಎದುರು ಅವರಿಗೆ ಬಾಯಿ ಎಲ್ಲಿತ್ತು?

ಮಗು ಗುಂಡಗೇ ಹುಟ್ಟಿತು. "ನನ್ ಮೊಮ್ಮಗ ಎಲ್ರಿಗಿಂತ ತೂಕ ಕಣ್ರೇ" ಅಂತ ವಾರ್ಡಿಗೆಲ್ಲ ಹೇಳಿಕೊಂಡು ಬಂದಿರಿ. ಅಷ್ಟರಲ್ಲಿ ಅವನು ಉಸಿರಿಗೆ ಒದ್ದಾಡುತ್ತಿದ್ದ. ತಾಯಿಯ ಸಕ್ಕರೆ ಮಗುವಿಗೂ ದಾಟುತ್ತದೆ, ಅದಕ್ಕೇ ಮೈ ಊದಿದೆ, ಹೃದಯದ ಗೋಡೆ ದಪ್ಪವಾಗಿದೆ, ಶ್ವಾಸಕೋಶ ಮಾತ್ರ ಬಲಿತಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದಾಗ ನೀವೂ ಪಕ್ಕದಲ್ಲೇ ಇದ್ದಿರಿ. ತೆಂಗಿನಕಾಯಿ ಅಲ್ಲಾಡಿಸಿ ಒಳಗೆ ಕೊಬ್ಬರಿ ಎಷ್ಟಿದೆ ಅಂತ ಹೇಳುತ್ತಿದ್ದವರು ನೀವು, ಮೇಲಿನ ಗಾತ್ರ ನೋಡಿ ಎಂದೂ ಮೋಸ ಹೋದವರಲ್ಲ. ಮಗುವಿನ ವಿಷಯದಲ್ಲಿ ಮಾತ್ರ…

ಅವನನ್ನು ತೋಟದಲ್ಲಿ ಮಣ್ಣು ಮಾಡಿದ ಮರುದಿನವೇ ಹಾಲಿನ ಡೈರಿ ಮುಂದೆ ನೀವು ಆಡಿದ ಮಾತು ನನ್ನ ಕಿವಿಗೂ ಬಿತ್ತು. "ಗ್ರಹಣದಾಗೆ ಹೊರ್ಗೆ ನಿಂತಿದ್ಲು ಕಣಮ್ಮ, ಅದ್ಕೇ ಮಗಿನ ಎದೆ ಕೆಟ್ಟೋಯ್ತು." ಅವತ್ತಿನಿಂದ ಊರಲ್ಲಿ ಯಾರೂ ನನ್ನನ್ನು ಸೀಮಂತಕ್ಕೆ ಕರೆಯಲಿಲ್ಲ. ಮಗುವನ್ನು ಕಳೆದುಕೊಂಡವಳು ನಾನು, ಕೊಂದವಳು ಎಂಬ ಹೆಸರೂ ನನಗೇ. ನಿಮ್ಮನ್ನು ಕ್ಷಮಿಸಬೇಕೆ? ನನ್ನಿಂದ ಆಗದು.

ಇವತ್ತು ಮಹಾಲಯ ಅಮಾವಾಸ್ಯೆ, ಹಿರಿಯರ ಸಾಲಿನಲ್ಲಿ ನಿಮಗೆ ಮೊದಲ ಎಡೆ. ನೆಂಟರೆಲ್ಲ ಬಂದು ಕೂತರೂ ನಾನು ಒಲೆ ಹಚ್ಚಲಿಲ್ಲ. ನಿಮ್ಮ ಮಗನಿಗೆ ಹೇಳಿದೆ, "ಮಗು ಯಾಕೆ ಹೋಯ್ತು ಅಂತ ನಿಮ್ಮವ್ವನ ಫೋಟೋ ಮುಂದೆ, ಇವ್ರೆಲ್ಲ ಇದ್ದಾಗ್ಲೇ ಹೇಳ್ರೀ. ಆಮೇಲೆ ಅಡುಗೆ." ಅವರು ಫೋಟೋ ಮುಂದೆ ಹೋಗಿ ನಿಂತರು. ಕೊನೆಗೆ ಬಾಯಿ ಬಿಟ್ಟರು. "ಗ್ರಹಣ ಅಲ್ಲ. ಔಷ್ದಿ ಎಸ್ದಿದ್ದು ಅವ್ವ. ನಾನು ನೋಡ್ಕಂಡು ಸುಮ್ನಿದ್ದೆ." ನಿಮ್ಮ ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಎದ್ದು ಒಲೆ ಹಚ್ಚಿದೆ.

ನಿಮಗೆ ತಿಳಿಯದ ಇನ್ನೊಂದು ಸುದ್ದಿ. ನಾನೀಗ ಮತ್ತೆ ಬಸುರಿ. ಸೂಜಿಯನ್ನು ದಿನಾ ನಿಮ್ಮ ಮಗನ ಕೈಯಲ್ಲೇ ಚುಚ್ಚಿಸಿಕೊಳ್ಳುತ್ತಿದ್ದೇನೆ. ಮೊನ್ನೆ ಸ್ಕ್ಯಾನ್ ಆಯಿತು, ಮಗುವಿನ ಹೃದಯ ಸರಿಯಾಗಿದೆ.

ಈಗ ಬಡಿಸಿದ್ದೇನೆ, ಬಂದು ಉಣ್ಣಿ. ಅನ್ನ, ಸಾರು, ಹಾಗಲಕಾಯಿ ಪಲ್ಯ. ನಿಮಗಿಷ್ಟವಾದ ಹೋಳಿಗೆ ಮಾತ್ರ, ನಾನು ಬದುಕಿರುವವರೆಗೆ, ನಿಮ್ಮ ಎಲೆಗೆ ಬೀಳುವುದಿಲ್ಲ.