ಗೇಟು ದಾಟದ ಕಸ

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಕಾಲೇಜಿನ ಕಸ ನನ್ನ ಮಗಳ ಎದೆಯೊಳಗೆ ಸೇರಿಕೊಂಡಿದೆ. ದಯವಿಟ್ಟು ಅದನ್ನು ವಾಪಸು ತೆಗೆದುಕೊಳ್ಳಿ.

ಕಾಲೇಜಿನ ಹಿಂಗೋಡೆಗೆ ಅಂಟಿಕೊಂಡಂತಿರುವ ಎರಡು ಕೋಣೆಯ ಮನೆ ನಮ್ಮದು. ಪ್ರತಿ ಶನಿವಾರ ಮಧ್ಯಾಹ್ನ, ತರಗತಿಗಳು ಮುಗಿದು ಮಕ್ಕಳೆಲ್ಲ ಹೊರಟ ಮೇಲೆ, ಗೋಡೆಯಾಚೆಯ ಗುಂಡಿಗೆ ಬೆಂಕಿ ಬೀಳುತ್ತದೆ. ಅದು ನನ್ನ ಎರಡೂವರೆ ವರ್ಷದ ಮಗಳು ಮಲಗುವ ಹೊತ್ತು. ಮೊದಮೊದಲು ಅವಳು ಕಿಟಕಿಯಲ್ಲಿ ನಿಂತು, "ಅಮ್ಮಾ, ಗೋಡೆ ಉಸಿರು ಬಿಡ್ತಿದೆ ನೋಡು" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಈಗ ತಟ್ಟುವುದಿಲ್ಲ. ಈಗ ಗೋಡೆ ಉಸಿರು ಬಿಟ್ಟರೆ ಇವಳಿಗೆ ಉಸಿರು ಸಿಗುವುದಿಲ್ಲ. ಪಕ್ಕೆಲುಬುಗಳ ನಡುವೆ ಚರ್ಮ ಗುಳಿ ಬೀಳುತ್ತದೆ. "ನಿಮಿಷಕ್ಕೆ ನಲವತ್ತು ದಾಟಿದ್ರೆ ಕಾಯಬೇಡಿ, ಎತ್ಕೊಂಡು ಬಂದುಬಿಡಿ" ಎಂದಿದ್ದಾರೆ ಡಾಕ್ಟರು. ಅಂದಿನಿಂದ ನನ್ನ ನಿದ್ದೆ ಹಾರಿಹೋಗಿದೆ. ಗಡಿಯಾರ ಹಿಡಿದು ಅವಳ ಉಸಿರು ಎಣಿಸುತ್ತೇನೆ. ಲೆಕ್ಕ ತಪ್ಪಿತೇನೋ ಎಂದು ಮತ್ತೆ ಮೊದಲಿಂದ ಎಣಿಸುತ್ತೇನೆ.

"ಅಲ್ಲಿ ಏನು ಸುಡ್ತಾರೆ ಅಂತ ತಿಳ್ಕೊಂಡು ಬನ್ನಿ. ಅದು ಗೊತ್ತಾಗದೆ ನಾನು ಕತ್ತಲಲ್ಲಿ ಕಲ್ಲು ಹೊಡೀತಿದ್ದೀನಿ" ಎಂದೂ ಡಾಕ್ಟರು ಹೇಳಿದರು. ಹಾಗಾಗಿ ಕಳೆದ ಶನಿವಾರ ನೀರಿನ ಡ್ರಮ್ಮಿನ ಮೇಲೆ ಹತ್ತಿ ಗೋಡೆಯಾಚೆ ಇಣುಕಿದೆ. ನಿಮ್ಮ ತೋಟದ ಮಾಲಿ, ವಯಸ್ಸಾದವರು, ಕೋಲಿನಿಂದ ಬೆಂಕಿ ಕೆದಕುತ್ತಿದ್ದರು.

"ಏನಜ್ಜಾ ಸುಡ್ತಿರೋದು?"

"ಎಲೆ ತಾಯಿ. ಬರೀ ತರಗೆಲೆ."

"ತರಗೆಲೆ ಹಸಿರಾಗಿ ಉರಿಯುತ್ತಾ ಅಜ್ಜಾ?"

ಅವರು ಬೆಂಕಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಾನು ಓದಿದವನಲ್ಲಮ್ಮ. ಲ್ಯಾಬಿಂದ ಮೂಟೆ ಕಟ್ಟಿ ಕಳಿಸ್ತಾರೆ, ನಾನು ಸುರೀತೀನಿ. ನನಗೂ ಕೆಮ್ಮು ಬಿಟ್ಟಿಲ್ಲ."

ನಾನು ಓದಿದವಳು, ಮಾನ್ಯರೇ. ಅದೂ ನಿಮ್ಮ ಕಾಲೇಜಿನಲ್ಲೇ, ರಸಾಯನಶಾಸ್ತ್ರವನ್ನೇ. ಜ್ವಾಲೆಯ ಬಣ್ಣ ನೋಡಿ ಲವಣ ಗುರುತಿಸುವುದನ್ನು ಅದೇ ಲ್ಯಾಬಿನಲ್ಲಿ ಕಲಿತೆ. ಹಸಿರೆಂದರೆ ತಾಮ್ರವಿರಬಹುದು, ಬೇರಿಯಂ ಇರಬಹುದು, ಪ್ಲಾಸ್ಟಿಕ್ ಹೊದಿಕೆಯ ಹಳೆಯ ವೈರೂ ಇರಬಹುದು. ಪರೀಕ್ಷೆಯಲ್ಲಿ ಮೂರು "ಇರಬಹುದು" ಬರೆದಿದ್ದರೆ ನೀವು ಸೊನ್ನೆ ಸುತ್ತುತ್ತಿದ್ದಿರಿ. ಮಗುವಿನ ಎದೆಯ ವಿಷಯದಲ್ಲಿ ಎಷ್ಟು "ಇರಬಹುದು"ಗಳನ್ನು ನಾನು ನುಂಗಿಕೊಳ್ಳಲಿ? ಮೂರು ವರ್ಷದಿಂದ "ಹಸಿರು ಆವರಣ" ಪ್ರಶಸ್ತಿ ಪಡೆಯುತ್ತಿರುವ ಸಂಸ್ಥೆಯಲ್ಲಿ ಬೆಂಕಿಯೂ ಹಸಿರಾಗಿಯೇ ಇರಬೇಕೆಂಬ ನಿಯಮವೇನಾದರೂ ಉಂಟೇ?

ದೂರು ಕೊಡಲು ಸೋಮವಾರ ಬಂದಿದ್ದೆ. ಗುಮಾಸ್ತರು ನನ್ನ ಕಾಗದವನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದರು. "ನಮ್ಮದು ಕಾಗದರಹಿತ ಕಚೇರಿ ಮೇಡಂ. ಆನ್‌ಲೈನಲ್ಲಿ ಹಾಕಿ." ಹಾಕಿದೆ. ಆ ಪುಟ ನನ್ನ ರೋಲ್ ನಂಬರ್ ಕೇಳಿ ಅಲ್ಲೇ ನಿಂತಿತು. ಕಾಗದ ಉಳಿಸುವ ನಿಮ್ಮ ಕಾಳಜಿಗೆ ಕೈಮುಗಿಯುತ್ತೇನೆ. ಅದರ ಫಲವಾಗಿ, ಒಂದೇ ಹಾಳೆಯಲ್ಲಿ ಮುಗಿಯಬೇಕಿದ್ದ ದೂರು ಇಂದು ಪತ್ರಿಕೆಯ ಸಾವಿರಾರು ಪ್ರತಿಗಳಲ್ಲಿ ಅಚ್ಚಾಗುತ್ತಿದೆ.

ಅಂದು ಹೊರಡುವಾಗ ನಿಮ್ಮ ಗೇಟಿನಲ್ಲಿ ಪುರಸಭೆಯ ಕಸದ ಲಾರಿ ನಿಂತಿತ್ತು. ಕಾವಲುಗಾರ ಒಳಗೆ ಬಿಡುತ್ತಿರಲಿಲ್ಲ.

"ಓದೋಕೆ ಬರಲ್ವೇನಪ್ಪಾ? ಬೋರ್ಡ್ ನೋಡು."

"ಬಂದಾಗೆಲ್ಲ ಅದನ್ನೇ ಓದಿಸ್ತೀರಲ್ಲ ಸ್ವಾಮಿ, ಬಾಯಿಪಾಠ ಆಗೋಗಿದೆ" ಎಂದ ಡ್ರೈವರು, ಲಾರಿ ಹಿಂದಕ್ಕೆ ತೆಗೆಯುತ್ತ. "ನಿಮ್ಮ ಕಸ ಒಳಗೇ ಇದ್ದು ಡಿಗ್ರಿ ಮುಗಿಸ್ಲಿ ಬಿಡಿ!"

ನಾನೂ ತಲೆಯೆತ್ತಿ ಓದಿದೆ. "ನಮ್ಮ ಕಸ ನಮ್ಮ ಗೇಟು ದಾಟದು." ಆ ಸಾಲು ನನ್ನದು.

ಎಂಟು ವರ್ಷದ ಹಿಂದೆ ಪರಿಸರ ಸಂಘದ ಘೋಷವಾಕ್ಯ ಸ್ಪರ್ಧೆಗೆ ಬರೆದದ್ದು. ಮೊದಲ ಬಹುಮಾನವೆಂದು ಒಂದು ಸಸಿ ಕೊಟ್ಟಿದ್ದಿರಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ. ಕಸ ಹುಟ್ಟದಂತೆ ಬದುಕೋಣ, ಹುಟ್ಟಿದ್ದನ್ನು ಗೊಬ್ಬರ ಮಾಡೋಣ ಎಂದು ಹೇಳಹೊರಟವಳು, ಸಾಲು ಚಿಕ್ಕದಾಗಿ ಚೊಕ್ಕವಾಗಿರಲೆಂದು ಅಷ್ಟನ್ನೂ ಕತ್ತರಿಸಿ ಹಾಕಿದೆ. ಉಳಿದ ಐದು ಪದಗಳನ್ನು ನೀವು ಅಕ್ಷರಶಃ ಪಾಲಿಸಿದಿರಿ. ಲಾರಿ ಒಳಗೆ ಬರಲಿಲ್ಲ, ಕಸ ಗೇಟು ದಾಟಲಿಲ್ಲ, ಪ್ರಶಸ್ತಿಯವರು ಬಂದು ಬೆನ್ನು ತಟ್ಟಿ ಹೋದರು. ಹೊಗೆಗೆ ಗೇಟು ಬೇಕಿರಲಿಲ್ಲ. ಗೋಡೆ ಹಾರಿ ನಮ್ಮ ಮನೆ ಹುಡುಕಿಕೊಂಡು ಬಂತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಣ್ಣುತ್ತಿರುವವಳು ನನ್ನ ಮಗಳು.

"ಯಾವ ಕಾಲದ್ದೋ ಒಂದು ಸಾಲಿಗೆ ಇಷ್ಟು ಹೆದರ್ತಾರೇನೇ? ಕಿಟಕಿ ಹಾಕಿ ಒಂದು ಗಳಿಗೆ ಮಲಗು" ಎಂದು ನಮ್ಮತ್ತೆ ಗದರುತ್ತಾರೆ. ಕಿಟಕಿ ಹಾಕಿದ್ದೇನೆ, ಸಂದಿಗೆ ಒದ್ದೆ ಬಟ್ಟೆ ತುರುಕಿದ್ದೇನೆ. ಆದರೂ ದಿಂಬು ಹೊಗೆ ನಾರುತ್ತದೆ. ಹೌದು, ಹೆದರಿದ್ದೇನೆ. ಕಾಲೇಜಿನ ಗಂಟೆ ಹೊಡೆದರೆ ಬೆಚ್ಚಿಬೀಳುವಷ್ಟು.

ನನಗೆ ಪರಿಹಾರ ಬೇಡ. ಆ ಗುಂಡಿಗೆ ಏನೇನು ಬಿದ್ದಿದೆಯೋ ಅದರ ಪಟ್ಟಿ ಕೊಡಿ, ಡಾಕ್ಟರಿಗೆ ಒಯ್ಯಬೇಕು. ಶನಿವಾರದೊಳಗೆ ಲಾರಿಯನ್ನು ಒಳಗೆ ಬಿಡಿ. ಲ್ಯಾಬಿನ ಮೂಟೆಗಳನ್ನು ಅದಕ್ಕೂ ತುಂಬದೆ, ಅವುಗಳ ವಿಲೇವಾರಿ ಬಲ್ಲವರಿಗೆ ಒಪ್ಪಿಸಿ. ಮಾಲಿ ಅಜ್ಜನ ಕೈಯಿಂದ ಆ ಕೋಲು ಇಳಿಸಿ, ಆದರೆ ತಪ್ಪನ್ನು ಅವರ ತಲೆಗೆ ಕಟ್ಟಿ ಮನೆಗೆ ಕಳಿಸಬೇಡಿ. ಮತ್ತೆ ನನ್ನ ಸಾಲನ್ನು ಅಳಿಸಿ. ಬಣ್ಣ, ಕುಂಚ ನಾನೇ ತರುತ್ತೇನೆ, ಏಣಿಯೊಂದು ನಿಮ್ಮದಿರಲಿ.

ಈ ಪತ್ರ ಅಚ್ಚಾಗಿ ನಿಮ್ಮ ಮೇಜಿಗೆ ಬರುವಾಗ ಶುಕ್ರವಾರವಾಗಿರುತ್ತದೆ. ಈಗಷ್ಟೇ ಎಣಿಸಿದೆ: ಮೂವತ್ತೆಂಟು.

ಇಂತಿ,
ಬಹುಮಾನದ ಸಸಿಯನ್ನು ಹಿಂದಿರುಗಿಸೋಣವೆಂದರೆ, ನಿಮ್ಮ ಗೋಡೆಯ ಬುಡದಲ್ಲೇ ನೆಟ್ಟು ಅದನ್ನು ಹೊಗೆಗೆ ಕಳೆದುಕೊಂಡಿರುವ,
ನಿಮ್ಮ ಹಳೆಯ ವಿದ್ಯಾರ್ಥಿನಿ