ಗೊಣಗಪ್ಪನ ಗಂಟಲು

ಮನೆಯಿಂದ,
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಮಸ್ಕಾರ. ಗಂಟಲು ಹೇಗಿದೆ? ಆಪರೇಷನ್ ಆದ ಜಾಗದ ನೋವು ಕಡಿಮೆಯಾಯಿತೇ? ಬಿಸಿನೀರು ಕುಡಿಯುತ್ತಿದ್ದೀರೋ, ಇಲ್ಲ ಅಕ್ಕನ ಕಣ್ಣು ತಪ್ಪಿಸಿ ಹೂವಿನ ಕುಂಡಕ್ಕೆ ಸುರಿಯುತ್ತಿದ್ದೀರೋ? ಫೋನಿನಲ್ಲಿ ಕೇಳೋಣವೆಂದರೆ ನೀವು ಅದನ್ನು ಅಕ್ಕನ ಕೈಗೆ ದಾಟಿಸಿಬಿಡುತ್ತೀರಿ. ಅವಳು 'ತಲೆ ಆಡಿಸ್ತಿದ್ದಾರೆ ಕಣೇ' ಎಂದು ವರದಿ ಕೊಡುತ್ತಾಳೆ. ತಲೆಯಾಡಿಸಿದ್ದು ನನಗೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ದಿನಾ ಸ್ವಲ್ಪ ಸ್ವಲ್ಪ ಮಾತಾಡಿ ಎಂದು ಡಾಕ್ಟರು ಹೇಳಿ ಕಳಿಸಿದರೆ, ನೀವು ಮೊಮ್ಮಗಳ ಸ್ಲೇಟು ಕಿತ್ತುಕೊಂಡು ಬಳಪದಲ್ಲೇ ಸಂಸಾರ ನಡೆಸುತ್ತಿದ್ದೀರಂತೆ. ಆ ಮಗು ಮಗ್ಗಿ ಬರೆಯುವುದೆಲ್ಲಿ, ಪಾಪ.

ನಾನು ಇಲ್ಲಿ ಚೆನ್ನಾಗಿದ್ದೇನೆ. ಬಚ್ಚಲಿನ ನಲ್ಲಿ ಮತ್ತೆ ಸೋರುತ್ತಿದೆ. ನೀವಿದ್ದಿದ್ದರೆ ಈ ಹೊತ್ತಿಗೆ ಸ್ಪ್ಯಾನರ್ ಹಿಡಿದು ಕೂತು ಇನ್ನಷ್ಟು ಸೋರುವಂತೆ ಮಾಡಿರುತ್ತಿದ್ದಿರಿ. ಕೆಲಸದವನನ್ನು ಕರೆಸಬಹುದು, ಆದರೆ ಯಾಕೋ ಮನಸ್ಸು ಬಂದಿಲ್ಲ, ಕೆಳಗೊಂದು ಬಕೆಟ್ ಇಟ್ಟು ಕಾಲ ತಳ್ಳುತ್ತಿದ್ದೇನೆ. ಮನೆಯಲ್ಲಿ ಗೊಣಗುವವರು ಯಾರೂ ಇಲ್ಲದೆ ಕಾಫಿ ಕೂಡ ಸಪ್ಪೆ ಅನ್ನಿಸುತ್ತದೆ.

ಸ್ಟುಡಿಯೋ ಸುದ್ದಿ ಹೇಳುತ್ತೇನೆ, ಕಿವಿ ಮುಚ್ಚಿಕೊಳ್ಳಬೇಡಿ. ಕಥೆ ಬರೆಯಲು ಹೊಸಬಳೊಬ್ಬಳು ಬಂದಿದ್ದಾಳೆ. ಮೊದಲ ದಿನವೇ ಅವಳಿಗೆ ನಮ್ಮ ಗೊಣಗಪ್ಪನ ಜಾತಕ ಬಿಚ್ಚಿಟ್ಟೆ. ಮುದಿ ಹೋತ, ರಿಪೇರಿ ಅಂಗಡಿ, ಅಟ್ಟದ ಮೇಲೆ ಬಾಡಿಗೆ ಕೊಡದೆ ಕೂತಿರುವ ಇಲಿಮರಿಗಳು. ಏನನ್ನು ರಿಪೇರಿಗೆ ಕೊಟ್ಟರೂ ಮೊದಲು ಕೆಡಿಸುತ್ತಾನೆ, ಆಮೇಲೆ ಗಡ್ಡ ನೀವಿಕೊಂಡು 'ಹೋಗ್ಲಿ ಬಿಡು, ಇನ್ನೊಂದ್ಸಲ ಬಿಚ್ಚಿ ನೋಡೋಣ' ಅನ್ನುತ್ತಾನೆ. ಈ ಮಕ್ಕಳ ಕಾರ್ಟೂನು ಶುರುವಾದಾಗಿನಿಂದ ಗೊಣಗಪ್ಪನ ದನಿಯಾಗಿ ಆ ಮಾತು ಹೇಳುತ್ತಿದ್ದವರು ನಮ್ಮಪ್ಪ ಎಂದೂ ಹೇಳಿದೆ. ಆಮೇಲೆ ನಮ್ಮ ಮಾಮೂಲಿ ಕಥೆಗಳ ಹೆಸರು ಹೇಳಿಕೊಟ್ಟೆ. ಊದುವ ಸುಳ್ಳು, ಅಂದರೆ ಇಲಿಮರಿ ಚಿಕ್ಕದೊಂದು ಸುಳ್ಳು ಹೇಳಿ ಅದು ಸಂಜೆಯೊಳಗೆ ಅಂಗಡಿಯ ಹೆಂಚಿನ ಮಾಡು ಹಾರಿಸುವಷ್ಟು ಬೆಳೆಯುವುದು. ಅದಲು ಬದಲು, ಅಂದರೆ ಯಾವುದೋ ಯಂತ್ರದೊಳಗೆ ಹೊಕ್ಕು ಹೋತ ಇಲಿಯಾಗಿ ಇಲಿ ಹೋತವಾಗುವುದು. ಮರೆತ ಹುಟ್ಟುಹಬ್ಬ, ಅದನ್ನು ಯಾರೂ ಮರೆತೇ ಇರುವುದಿಲ್ಲ, ಎಲ್ಲರೂ ಬೀರುವಿನ ಹಿಂದೆ ಬಲೂನು ಊದುತ್ತಿರುತ್ತಾರೆ. ಅವಳು ಮೂಗು ಮುರಿದು, 'ಪ್ರತಿ ಸಲ ಇದೇ ಅಂದ್ರೆ ಮಕ್ಕಳಿಗೆ ಬೇಜಾರಾಗಲ್ವಾ ಮೇಡಂ' ಅಂದಳು. ನಾನು ನಿಮ್ಮದೇ ಉತ್ತರ ಕೊಟ್ಟೆ. 'ಮುಂದೇನಾಗುತ್ತೆ ಅಂತ ಮಗುಗೆ ಗೊತ್ತಿರಬೇಕಮ್ಮ, ಆಗ್ಲೇ ಅದು ಧೈರ್ಯವಾಗಿ ನಗೋದು. ಬೀಳ್ತಾನೆ ಅಂತ ಗೊತ್ತು, ಏಳ್ತಾನೆ ಅಂತಾನೂ ಗೊತ್ತು.' ಅವಳು ಅದನ್ನು ಗೋಡೆಯ ಹಲಗೆಯ ಮೇಲೆ ಬರೆದಿಟ್ಟಿದ್ದಾಳೆ, ನಿಮ್ಮ ಹೆಸರು ಹಾಕದೆ. ನೀವು ನೋಡಿದರೆ ಖಂಡಿತ ಜಗಳ ತೆಗೆಯುತ್ತಿದ್ದಿರಿ.

ಕೊನೆಗೆ ನಮ್ಮ ಒರೆಸುವ ಬಟ್ಟೆಯ ನಿಯಮ ಹೇಳಿದೆ. ಈ ವಾರ ಮಾಡು ಹಾರಿದರೂ ಮುಂದಿನ ವಾರ ಅದು ಮಾಡಿನ ಜಾಗದಲ್ಲೇ ಇರಬೇಕು, ಯಾರ ಗಡ್ಡ ಸುಟ್ಟಿತ್ತು, ಯಾರು ಅತ್ತಿದ್ದರು ಎಂಬುದೊಂದೂ ನೆನಪಿರಬಾರದು. ಕೊನೆಯ ಎರಡು ನಿಮಿಷದಲ್ಲಿ ಎಲ್ಲವನ್ನೂ ಒರೆಸಿ ಶುಭ್ರ ಮಾಡಿಬಿಡುತ್ತೇವೆ. ಇದನ್ನು ಇಷ್ಟು ವರ್ಷ ಸಾವಿರ ಸಲ ಹೇಳಿದ್ದೇನೆ, ಆವತ್ತು ಮಾತ್ರ ಅರ್ಧಕ್ಕೇ ನಿಲ್ಲಿಸಿ ಹಾಳೆ ಜೋಡಿಸತೊಡಗಿದೆ. ಯಾಕೆಂದರೆ ಒಳಗಿನ ರೆಕಾರ್ಡಿಂಗ್ ಕೋಣೆಯಲ್ಲಿ ನಾವು ಒರೆಸುತ್ತಿದ್ದದ್ದು ನಿಮ್ಮನ್ನು.

ಆಪರೇಷನ್ ಆದಮೇಲೆ ನೀವು ಒಂದು ಸಲ ಮೈಕಿನ ಮುಂದೆ ನಿಂತಿರಲ್ಲ, ನಿಮ್ಮ ದನಿ ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು, 'ಇದು ಯಾರೋ ಬೇರೆಯವರದು' ಎಂದು ಪಿಸುಗುಟ್ಟಿ, ಹೆಡ್‌ಫೋನನ್ನು ಮೊಳೆಗೆ ನೇತುಹಾಕಿ, ಮಾರನೆಯ ದಿನವೇ ಅಕ್ಕನ ಮನೆಗೆ ಹೊರಟುಬಿಟ್ಟಿರಿ. ಇಲ್ಲಿ ಕೆಲಸ ನಿಲ್ಲುವಂತಿರಲಿಲ್ಲ. ಸ್ಟುಡಿಯೋ ಮುಖ್ಯಸ್ಥೆ ಒಬ್ಬ ಮಿಮಿಕ್ರಿ ಕಲಾವಿದರನ್ನು ಕರೆಸಿದರು. ಮನುಷ್ಯ ಒಳ್ಳೆಯವರು, ನಿಮ್ಮ ದನಿಯನ್ನು ಹಾಗೆಯೇ ಇಳಿಸಿಬಿಟ್ಟರು, ಕೆಮ್ಮು ಸಮೇತ. ಮಕ್ಕಳಿಗಿರಲಿ, ಗೊಣಗಪ್ಪನಿಗೂ ಗೊತ್ತಾಗುವುದಿಲ್ಲ. ಮೊದಲ ದಿನ ನಾನು ಗಾಜಿನ ಈಚೆ ಕೂತು ಹಾಳೆ ನೋಡುತ್ತ ಕೇಳುತ್ತಿದ್ದೆ. ಮಾತೊಂದು ಸ್ವಲ್ಪ ಬೇಗ ಬಂತು ಅನ್ನಿಸಿ, ತಲೆಯೆತ್ತದೆ ಮೈಕಿನ ಗುಂಡಿ ಒತ್ತಿ, 'ಅಪ್ಪಾ, ಇನ್ನೊಂದು ಸಲ' ಅಂದುಬಿಟ್ಟೆ. ಒಳಗೆ ಅವರು ಹಾಳೆ ಕೆಳಗಿಳಿಸಿ ನನ್ನತ್ತ ನೋಡಿದರು. ಈಚೆ ಸೌಂಡ್ ಎಂಜಿನಿಯರ್ ಗುಂಡಿಗಳನ್ನು ನೋಡುತ್ತ ಕೂತ. ನಾನು ಹೊರಗೆ ಹೋಗಿ ನೀರು ಕುಡಿದು ಬಂದೆ. ಆ ದಿನ ನನಗೆ ಬಹಳ ಸಂಕಟವಾಯಿತು ಅಪ್ಪಾ, ಅವರ ಮೇಲೆ ಕೋಪ ಬರಲಿಲ್ಲ, ನಿಮ್ಮ ಮೇಲೆ ಬಂತು. ದನಿ ಉಳಿದಿದೆ, ದನಿಯ ಯಜಮಾನರು ಸ್ಲೇಟು ಹಿಡಿದು ಕೂತಿದ್ದಾರೆ, ಇದ್ಯಾವ ನ್ಯಾಯ?

ಅದೇ ವಾರ ಅಕ್ಕ ಫೋನಿನಲ್ಲಿ ಒಂದು ವಿಷಯ ಹೇಳಿದಳು. ನಿಮಗೆ ಗೊತ್ತಿರುವುದೇ, ಆದರೆ ನನ್ನ ಕಿವಿಗೆ ಬಿದ್ದಿದೆ ಎಂದು ಗೊತ್ತಿರಲಾರದು. ಮಗು ಒಲೆಯ ಮೇಲಿನ ಪಾತ್ರೆಗೆ ಕೈ ಚಾಚಿದಾಗ ನೀವು ಸ್ಲೇಟು ಮರೆತು 'ಏಯ್, ಬೇಡ ಮಗಾ' ಎಂದು ಬಾಯಿಬಿಟ್ಟೇ ಕೂಗಿದಿರಂತೆ. ಮಗು ಹೆದರಲಿಲ್ಲವಂತೆ. ತಿರುಗಿ ನಿಮ್ಮನ್ನು ನೋಡಿ, 'ಗೊಣಗಪ್ಪಂಗೆ ಶೀತ ಆಗಿದ್ಯಾ' ಎಂದು ಕೇಳಿತಂತೆ. ನೀವು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಂತೆ. ಅಕ್ಕ ಅಳುತ್ತ ಹೇಳಿದಳು. ನನಗೆ ಮಾತ್ರ ನಗು ಬಂತು, ಕ್ಷಮಿಸಿ. ಬೇರೆ ಯಾರದೋ ಎಂದು ನೀವು ಬಿಟ್ಟುಬಂದ ದನಿಯಲ್ಲಿ ಐದು ವರ್ಷದ ಮಗು ಗೊಣಗಪ್ಪನನ್ನು ಕಂಡುಹಿಡಿದುಬಿಟ್ಟಿತಲ್ಲ.

ಮಾರನೆಯ ದಿನವೇ ಹೊಸ ಕಥೆ ಬರೆಯಲು ಕೂತೆ. ನಮ್ಮ ಹಳೆಯ 'ದನಿ ಹೋಯ್ತು' ಕಥೆಯೇ. ಗೊಣಗಪ್ಪನ ಗಂಟಲು ಕೆಡುತ್ತದೆ, ಅಂಗಡಿಯೆಲ್ಲ ನಿಶ್ಶಬ್ದ, ಇಲಿಮರಿಗಳಿಗೆ ಮೊದಲು ಖುಷಿ, ಆಮೇಲೆ ದಿಗಿಲು. ಗಂಟಲಿಗೆ ಜೇನು, ಹಬೆ, ಸೈಕಲ್ ಪಂಪು, ಒಂದೊಂದೇ ಪ್ರಯೋಗ. ಮಾಮೂಲಿನಂತೆ ಕೊನೆಯ ಎರಡು ನಿಮಿಷದಲ್ಲಿ ದನಿ ಬರಬೇಕು. ನಾನು ಬರಿಸಲಿಲ್ಲ. ಗೊಣಗಪ್ಪ ಹರಿದ ದನಿಯಲ್ಲೇ ಒಂದು ಮಾತು ಗೊಣಗುತ್ತಾನೆ, ಚಿಕ್ಕ ಇಲಿ ಕಿವಿ ನಿಮಿರಿಸಿ, 'ಅಜ್ಜಾ, ಗೊಣಗೋಕೆ ಈ ದನಿನೇ ವಾಸಿ' ಅನ್ನುತ್ತದೆ. ಮುಂದಿನ ವಾರವೂ ಅದೇ ದನಿ, ಅದರ ಮುಂದಿನ ವಾರವೂ. ಹೊಸಬಳು ಓದಿ, 'ಒರೆಸೋ ಬಟ್ಟೆ ಎಲ್ಲಿ ಮೇಡಂ' ಅಂದಳು. ಒಗೆಯಲು ಹಾಕಿದ್ದೇನೆ ಅಂದೆ.

ಇಲ್ಲಿಗೆ ನಿಲ್ಲಿಸುತ್ತೇನೆ, ಅಂಚೆ ಪೆಟ್ಟಿಗೆಗೆ ಹಾಕಿ ಬಂದು ಬಕೆಟ್ ಖಾಲಿ ಮಾಡಬೇಕು. ಅಕ್ಕ ಭಾವನಿಗೆ ನೆನಪು ಹೇಳಿ. ಮಗುವಿನ ಕೆನ್ನೆಗೆ ನನ್ನ ಮುತ್ತು. ಮಫ್ಲರ್ ಸುತ್ತಿಕೊಂಡೇ ಹೊರಗೆ ಹೋಗಿ. ನಿಮ್ಮ ಆಶೀರ್ವಾದ ಇಷ್ಟು ದಿನ ಬಾಯಿಮಾತಿನಲ್ಲೇ ಸಿಕ್ಕಿದೆ, ಅಭ್ಯಾಸ ತಪ್ಪಿಸಬೇಡಿ.

ನಿಮ್ಮ
ಚಿಕ್ಕ ಮಗಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಮುಖ್ಯಸ್ಥೆ ಕಥೆಗೆ ಒಪ್ಪಿದ್ದಾರೆ, ಒಂದೇ ಷರತ್ತು. ಹರಿದ ದನಿ ನಿಮ್ಮದೇ ಆಗಿರಬೇಕು, ಅದನ್ನು ಬೇರೆಯವರಿಂದ ನಟನೆ ಮಾಡಿಸುವುದಿಲ್ಲ ಅಂದರು. ಮಿಮಿಕ್ರಿಯವರೂ ಅದನ್ನೇ ಹೇಳಿದರು. ಅದಕ್ಕೇ ಎರಡು ಕೊನೆ ಬರೆದಿಟ್ಟಿದ್ದೇನೆ. ಶುಕ್ರವಾರ ಬೆಳಿಗ್ಗೆ ರೆಕಾರ್ಡಿಂಗ್. ನೀವು ಬಂದರೆ ಆ ಕೊನೆಯ ಮಾತು ನಿಮ್ಮದು, 'ಹೋಗ್ಲಿ ಬಿಡು, ಇನ್ನೊಂದ್ಸಲ ಬಿಚ್ಚಿ ನೋಡೋಣ', ಅಷ್ಟೇ. ಬಾರದಿದ್ದರೆ ಗೊಣಗಪ್ಪ ಜೇನು ನೆಕ್ಕುತ್ತಾನೆ, ದನಿ ವಾಪಸು ಬರುತ್ತದೆ, ಅಲ್ಲಿಗೆ ಎಲ್ಲ ಒರೆಸಿಹೋಯಿತು. ಅದನ್ನು ಮಗುವೂ ನೋಡುತ್ತದೆ. ನೋಡಿ, ನಿಮ್ಮ ಕಡೆ ತಿರುಗಿ, ಅಜ್ಜಾ ನಿನ್ ದನಿ ಯಾವಾಗ ಬರುತ್ತೆ ಎಂದು ಕೇಳುತ್ತದೆ. ಅದಕ್ಕೆ ಬಳಪದಲ್ಲಿ ಏನು ಬರೆಯುತ್ತೀರಿ? ಹೆಡ್‌ಫೋನು ನೀವು ನೇತುಹಾಕಿದ ಮೊಳೆಯಲ್ಲೇ ಇದೆ, ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಗುರುವಾರ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಾನು ಇರುತ್ತೇನೆ. ಬರುವಾಗ ಸ್ಲೇಟು ಅಲ್ಲೇ ಬಿಟ್ಟು ಬನ್ನಿ, ಮಗು ಮಗ್ಗಿ ಬರೆಯಬೇಕು.